ಝುಮಕಿಯ ಹಾಲು

ಬಾಯ್ನಾ, ವಾಸ್ಕೋ (ಗೋವಾ)
೨೨ ಸೆಪ್ಟೆಂಬರ್ ೨೦೨೪, ರವಿವಾರ

ಪ್ರೀತಿಯ ಅತ್ತೀ,

ನಿಮ್ಮ ಸೊಸೆ ದ್ರಾಕ್ಷಾಯಿಣಿಯ ನಮಸ್ಕಾರಗಳು. ನಿಮ್ಮ ಮಂಡಿನೋವು ಹೇಗಿದೆ? ತಾಳಿಕೋಟಿ ಕಡೆ ಮಳೆ ಹಿಡಿದಿದೆಯೆಂದು ಕೇಳಿದೆ. ತಂಪಿಗೆ ಮಂಡಿ ಹಿಡಿದುಕೊಂಡಿದ್ದರೆ ಎಣ್ಣೆ ಬಿಸಿ ಮಾಡಿ ತಿಕ್ಕಿಸಿಕೊಳ್ಳಿರಿ, ತಮ್ಮನ ಹೆಂಡತಿಗೆ ಹೇಳಲು ಸಂಕೋಚ ಮಾಡಿಕೊಳ್ಳಬೇಡಿರಿ. ಕಣ್ಣಿಗೆ ಹನಿ ಹಾಕಿಕೊಳ್ಳುತ್ತಿದ್ದೀರೋ ಇಲ್ಲವೋ? ಆ ಔಷಧದ ಸೀಸೆ ಇಲ್ಲಿಯೇ ದೇವರ ಮಾಡದಲ್ಲಿದೆ, ಆದ್ದರಿಂದ ಹಾಕಿಕೊಳ್ಳುತ್ತಿಲ್ಲ ಎಂದು ನನಗೆ ಗೊತ್ತು. ಸುಮ್ಮನೆ ಕೇಳಿದೆ. ಉಟ್ಟ ಸೀರೆಯ ಮೇಲೆ ಹೊರಟವರು ಇನ್ನೇನನ್ನು ತಾನೇ ನೆನಪಿಟ್ಟು ಒಯ್ದಿರಿ!

ನಿಮ್ಮ ಫೋನೂ ಇಲ್ಲಿಯೇ ಇದೆ, ಜೋಳದ ಡಬ್ಬಿಯ ಮೇಲೆ. ನಿಮ್ಮ ತಮ್ಮ ಕೇಶಪ್ಪ ಮಾವನಿಗೆ ಹಚ್ಚಿದಾಗಲೆಲ್ಲ “ಅಕ್ಕ ಹೊಲಕ್ಕ ಹೋಗ್ಯಾಳವಾ” ಎನ್ನುತ್ತಾರೆ. ಮುಂಜಾನೆ ಹಚ್ಚಿದರೂ ಹೊಲ, ಊಟದ ಹೊತ್ತಿಗೆ ಹಚ್ಚಿದರೂ ಹೊಲ. ಮಂಡಿ ನೋಯುವ ಅಕ್ಕನನ್ನು ಹೊತ್ತಿಲ್ಲದ ಹೊತ್ತಿನಲ್ಲಿ ಹೊಲಕ್ಕೆ ಅಟ್ಟುವ ತಮ್ಮ ಎಂಥ ತಮ್ಮ? ಅವರ ಹಿಂದೆ ನಿಮ್ಮ ಕೆಮ್ಮು ನನಗೆ ಕೇಳಿಸುತ್ತದೆ, ಅತ್ತೀ. ಅದಕ್ಕೇ ಕಾಗದ ಬರೆಯಲು ಕುಳಿತೆ. ಕಾಗದಕ್ಕೆ ಯಾರೂ ಹೊಲದ ನೆಪ ಹೇಳಲಾರರು. ನಾವು ಮಾತಾಡಿದಂತೆ ಬರೆದರೆ ನಿಮಗೆ ಓದಲು ತೊಡಕಾಗುತ್ತದೆ, ಸಾಕ್ಷರತೆಯ ಪುಸ್ತಕದಲ್ಲಿದ್ದಂತೆ ಬರೆದರೆ ಮಾತ್ರ ಅಕ್ಷರಗಳ ಗುರುತು ಸಿಗುತ್ತದೆ ಎಂದು ನೀವೇ ಒಮ್ಮೆ ಹೇಳಿದ್ದಿರಿ. ಹತ್ತನೆಯ ತರಗತಿಯವರೆಗೆ ಕಲಿತ ಕನ್ನಡವನ್ನೆಲ್ಲ ಒಟ್ಟುಮಾಡಿ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಬೇರೆಯವರ ಕೈಯಲ್ಲಿ ಓದಿಸಬೇಡಿರಿ. ತಡವಾದರೂ ನೀವೇ ಓದಿರಿ.

ಮೊದಲು ನೀವು ಕೇಳಲು ಕಾಯುತ್ತಿರುವ ಸುದ್ದಿ. ನಿಮ್ಮ ಮೊಮ್ಮಗಳು ಅಂಬಿಕಾ ಮನೆಗೆ ಬಂದಿದ್ದಾಳೆ. ಉಚ್ಚೆ ಹೊಯ್ಯುತ್ತಿದ್ದಾಳೆ. ಐದು ವರ್ಷದ ಮಗಳು ಉಚ್ಚೆ ಹೊಯ್ದಳೆಂದು ತಾಯಿಯೊಬ್ಬಳು ವಾರ್ಡಿನ ನೆಲದ ಮೇಲೆ ಕುಳಿತು ಗೊಳೋ ಎಂದು ಅತ್ತಳೆಂದರೆ ಕೇಳಿದವರು ನಗುತ್ತಾರೆ. ನಗಲಿ ಬಿಡಿರಿ. ಆ ದಿನ ನರ್ಸ್ ಬಾಯಿ ಅಳತೆಯ ಡಬ್ಬಿಯನ್ನು ಎತ್ತಿ ತೋರಿಸಿದಾಗ ತಳದಲ್ಲಿ ನಾಲ್ಕು ಹನಿ ಇತ್ತು, ಅದೂ ಚಹಾದ ಬಣ್ಣದ್ದು. ನನಗೆ ಅದನ್ನು ನೋಡಿದಷ್ಟು ಸಂತೋಷ ಮದುವೆಯಲ್ಲಿಯೂ ಆಗಿರಲಿಲ್ಲ. ಈಗ ಮುಖದ ಬಾವು ಇಳಿದಿದೆ, ಕಣ್ಣು ಕಾಣುತ್ತವೆ. ನೀವು ನೋಡಿದಾಗ ಉಬ್ಬಿದ್ದ ಕೈಗಳು ಈಗ ಕಡ್ಡಿಯಾಗಿವೆ, ಬಳೆ ನಿಲ್ಲುವುದಿಲ್ಲ. ಉಪ್ಪು ಕಡಿಮೆ ಹಾಕಿ ಕೊಡಬೇಕೆಂದಿದ್ದಾರೆ. ತಾಟಿಗೆ ಬಡಿಸಿದೊಡನೆ “ಅಜ್ಜಿ ಇದ್ದಿದ್ರ ಇಂಥಾ ಸಪ್ಪನ ಸಾರು ಮಾಡ್ತಿರಲಿಲ್ಲ” ಎಂದು ನನ್ನ ಮೇಲೆ ಮುಖ ಊದಿಸುತ್ತಾಳೆ. ಕಿಡ್ನಿ ಎಚ್ಚರವಾಗಿವೆಯಂತೆ, ಆದರೂ ಬಿ.ಪಿ. ನೋಡಿಸಲು ಬಾಂಬೋಳಿಯ ದವಾಖಾನೆಗೆ ಹೋಗಿ ಬರುತ್ತಿರಬೇಕು. ಎಷ್ಟು ದಿನ ಎಂದು ಕೇಳಿದರೆ ವರ್ಷಗಟ್ಟಲೆ ಕಣ್ಣಿಟ್ಟಿರಬೇಕು ಎಂದರು. ಆಗಲಿ, ಮಗಳು ಇದ್ದಾಳಲ್ಲ, ಕಣ್ಣಿಡೋಣ.

ಇನ್ನು ನಿಮಗೆ ಗೊತ್ತಿರುವುದನ್ನೇ ಸ್ವಲ್ಪ ಬರೆಯುತ್ತೇನೆ, ಬೇಸರಪಡಬೇಡಿರಿ. ನನಗೇ ಎಲ್ಲವನ್ನೂ ಒಂದು ಕಡೆಯಿಂದ ಜೋಡಿಸಿ ನೋಡಬೇಕಾಗಿದೆ. ಎಷ್ಟು ಜೋಡಿಸಿದರೂ ಒಂದು ಕಡೆ ತಾಳೆಯಾಗುತ್ತಿಲ್ಲ.

ಝುಮಕಿ ಮರಿಯಿದ್ದಾಗ ನೀವು ಅದನ್ನು ಕೌದಿಯಲ್ಲಿ ಸುತ್ತಿಕೊಂಡು ಊರಿನಿಂದ ತಂದ ದಿನ ನೆನಪಿದೆಯೆ? ಆಡಿನ ಮರಿಗೂ ಟಿಕೆಟು ಹರಿದನೆಂದು ಕಂಡಕ್ಟರನನ್ನು ವಾಸ್ಕೋ ಬಸ್‌ಸ್ಟ್ಯಾಂಡಿನ ತನಕ ಬೈಯುತ್ತ ಬಂದಿದ್ದಿರಂತೆ. ಗಂಟಲ ಕೆಳಗೆ ಜೋಲುವ ಎರಡು ತೊಗಲಿನ ಗೊಂಡೆ ನೋಡಿ ಝುಮಕಿ ಎಂದು ಹೆಸರಿಟ್ಟವಳು ಅಂಬಿಕಾ. ಒಂದೇ ಖೋಲಿಯ ಮನೆ, ಹಿಂದೆ ತಾಡಪತ್ರಿ ಕಟ್ಟಿದ ಮೋಟು ಜಾಗ, ಅದರಾಚೆ ಸಮುದ್ರ. ಇಲ್ಲಿ ಆಡು ಸಾಕುತ್ತೇನೆಂದು ನೀವು ಅಂದಾಗ ನಾನು ನಕ್ಕಿದ್ದೆ. ಅದು ಹಲಸಿನ ಎಲೆ ತಿಂದಿತು, ಹೋಟೆಲಿನ ಕಾಯಿಪಲ್ಲೆಯ ಸಿಪ್ಪೆ ತಿಂದಿತು, ಚುನಾವಣೆಯ ಪೋಸ್ಟರುಗಳನ್ನು ಆ ಪಕ್ಷ ಈ ಪಕ್ಷ ಎನ್ನದೆ ತಿಂದಿತು. ಈದ ಮೇಲೆ ನಮ್ಮ ಚಹಾಕ್ಕೆ ಸಾಲುವಷ್ಟು ಹಾಲನ್ನೂ ಕೊಟ್ಟಿತು. ನಿಮ್ಮ ಹಾಲಿನ ಶಿಸ್ತು ಇಡೀ ಓಣಿಗೆ ಗೊತ್ತು. ಬಿಸಿನೀರಿನಲ್ಲಿ ಕೆಚ್ಚಲು ತೊಳೆಯಬೇಕು, ಕೈ ತೊಳೆಯಬೇಕು, ಹಿಂಡಿದ ಹಾಲು ಬಟ್ಟೆಯಲ್ಲಿ ಸೋಸಬೇಕು, ಒಲೆಯ ಮೇಲೆ ಮೂರು ಉಕ್ಕು ಬರಬೇಕು. ಮೊದಲ ಉಕ್ಕಿಗೇ ನಾನು ಗ್ಯಾಸು ಬಂದ್ ಮಾಡಿದರೆ ನೀವು ಹಿಂದಿನಿಂದ ಬಂದು ಮತ್ತೆ ಹಚ್ಚುತ್ತಿದ್ದಿರಿ. ನಮ್ಮ ಸಿಲಿಂಡರ್ ತೀರುವುದೇ ನಿಮ್ಮ ಹಾಲಿನಿಂದ ಎಂದು ನಾವಿಬ್ಬರೂ ಎಷ್ಟು ಸಲ ಜಗಳಾಡಿಲ್ಲ!

ಶ್ರಾವಣದಲ್ಲಿ ಓಣಿಗೆ ಡೆಂಗಿ ಜ್ವರ ಬಂತು. ನಮ್ಮ ಅಂಬಿಕಾ ಮಲಗಿದಳು, ಪಕ್ಕದ ಖೋಲಿಯ ಮೌಲಾಬಿಯ ಮಗಳು ತಮನ್ನಾ ಮಲಗಿದಳು. ರಕ್ತದಲ್ಲಿ ಪ್ಲೇಟ್‌ಲೆಟ್ ಇಳಿದಿವೆ ಎಂದೊಡನೆ ಯಾರೋ ಆಡಿನ ಹಾಲು ಕುಡಿಸಿರಿ ಎಂದರು, ಆಮೇಲೆ ಎಲ್ಲರೂ ಅದನ್ನೇ ಹೇಳತೊಡಗಿದರು. ಪೋಸ್ಟರು ತಿನ್ನುತ್ತಿದ್ದ ನಮ್ಮ ಝುಮಕಿ ಒಂದೇ ವಾರದಲ್ಲಿ ಡಾಕ್ಟರಾದಳು. ಲೋಟ ಹಿಡಿದು ಬಂದ ಯಾರಿಗೂ ನೀವು ಇಲ್ಲ ಎನ್ನಲಿಲ್ಲ, ಯಾರ ಕೈಯಿಂದಲೂ ಏನೂ ಮುಟ್ಟಲಿಲ್ಲ. ಹಸಿ ಹಾಲೇ ಆಗಬೇಕು, ಕಾಯಿಸಿದರೆ ಅದರ ತಾಕತ್ತು ಹೋಗುತ್ತದೆ ಎಂದು ಎದುರು ಮನೆಯ ಲಾಲಿಬಾಯಿ ವಾದಕ್ಕೆ ನಿಂತಾಗ ನೀವು ಅಂದದ್ದು ನನ್ನ ಕಿವಿಯಲ್ಲಿದೆ: “ಹಸೀದು ಕುಡಿಯಾಕ ಅವೇನ್ ಆಡಿನ ಮರಿ ಅದಾವೇನು?” ನಿಮ್ಮ ಮಗನೂ ದಾಬೋಲಿಮ್‌ನಲ್ಲಿ ತಮ್ಮ ಕೆಲಸದ ಜಾಗದ ಗೌಂಡಿ ಹಸಿ ಹಾಲಿನ ಮಾತು ಹೇಳಿದನೆಂದು ಬಂದು ಹೇಳಿದರು. ಅವರಿಗೂ ಅದೇ ಉತ್ತರ ಸಿಕ್ಕಿತು. ಎಲ್ಲರ ಕಣ್ಣೆದುರಿಗೆ ಮೂರು ಉಕ್ಕು ಬರಿಸಿಯೇ ಹಂಚಿದಿರಿ.

ಇಬ್ಬರು ಹುಡುಗಿಯರ ಜ್ವರವೂ ಇಳಿಯಿತು. ತಮನ್ನಾ ಎದ್ದು ಆಡಲು ಹೋದಳು. ನಮ್ಮವಳು ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿದಳು. ಮೊದಲು ನೀರಿನಂಥ ಭೇದಿ, ಆಮೇಲೆ ಬರೀ ರಕ್ತ. ಮೆಡಿಕಲ್ ಅಂಗಡಿಯಿಂದ ಭೇದಿ ನಿಲ್ಲಿಸುವ ಗುಳಿಗೆ ತಂದು ನುಂಗಿಸಿದೆವು. ಭೇದಿ ನಿಂತಿತು, ನಾವು ಸದ್ಯ ಎಂದುಕೊಂಡೆವು. ರಕ್ತ ತಪಾಸಣೆ ಮಾಡಿಸಿದರೆ ಪ್ಲೇಟ್‌ಲೆಟ್ ಮತ್ತೆ ಇಳಿದಿದ್ದವು. ಹಾಳಾದ ಡೆಂಗಿ ತಿರುಗಿ ಬಂತು ಎಂದು ನಾನಂದೆ, ನಿಮ್ಮ ಮಗ ಅಂದರು, ಓಣಿ ಅಂದಿತು. ಹಾಗಾದರೆ ಇನ್ನಷ್ಟು ಹಾಲು ಕುಡಿಸಿರಿ ಎಂದರು. ಕುಡಿಸಿದೆವು. ಆ ದಿನಗಳಲ್ಲಿಯೇ ಝುಮಕಿಯ ಹಿಂಗಾಲಿಗೆ ಗಾಯವಾಗಿತ್ತು. ನೀವು ಅದಕ್ಕೆ ಅರಿಶಿನ ಹಚ್ಚುತ್ತ ಕುಳಿತಿದ್ದಿರಿ. ಏನಾಯಿತೆಂದು ಕೇಳಿದರೆ ಬೀದಿನಾಯಿ ಎಂದಿರಿ, ಮುಖ ಎತ್ತಲಿಲ್ಲ. ನನಗೆ ಆಡಿನ ಕಾಲು ನೋಡುವಷ್ಟು ಪುರುಸೊತ್ತು ಎಲ್ಲಿತ್ತು? ಮರುದಿನ ಅಂಬಿಕಾಳ ಮುಖ ಊದಿತು, ಮೈ ಬಿಳಿಚಿಕೊಂಡಿತು, ಉಚ್ಚೆ ನಿಂತುಹೋಯಿತು. ವಾಸ್ಕೋದ ಡಾಕ್ಟರು ನೋಡಿದವರೇ ಅಂಬ್ಯುಲೆನ್ಸಿನಲ್ಲಿ ಬಾಂಬೋಳಿಯ ದೊಡ್ಡ ದವಾಖಾನೆಗೆ ಕಳಿಸಿದರು.

ಅಲ್ಲಿಯ ಡಾಕ್ಟರ್ ಬಾಯಿ ಕಾರವಾರ ಕಡೆಯವರು, ಕನ್ನಡ ಮಾತಾಡಿದರು. ಕನ್ನಡ ಕೇಳಿದೊಡನೆ ನನಗೆ ಅರ್ಧ ಜೀವ ಬಂದಂತಾಯಿತು. ಹುಡುಗಿ ಹಸಿ ಹಾಲು ಕುಡಿದಿದ್ದಾಳೆಯೇ ಎಂದು ಅವರು ಕೇಳಿದಾಗ ನಾನು ಯಾವ ಠೀವಿಯಿಂದ ಉತ್ತರ ಕೊಟ್ಟೆ! ನಮ್ಮ ಅತ್ತೆ ಮೂರು ಉಕ್ಕು ಬಾರದ ಹಾಲನ್ನು ಬೆಕ್ಕಿಗೂ ಹಾಕುವುದಿಲ್ಲ ಎಂದೆ. ಅಷ್ಟರಲ್ಲಿ ನೀವು ಗೋಡೆ ಬಿಟ್ಟು ಮುಂದೆ ಬಂದಿರಿ. ಸೆರಗು ಸರಿಮಾಡಿಕೊಂಡು, “ನಾನಽ ಕುಡಿಸೇನ್ರಿ ಬಾಯಾರ. ಹಸೀದಽ ಕುಡಿಸೇನಿ” ಎಂದಿರಿ. ನಿಮ್ಮ ಮಗ ಅತ್ತ ತಿರುಗಿ ನಿಂತರು. ಡಾಕ್ಟರ್ ಬಾಯಿ ಏನೂ ಬೈಯಲಿಲ್ಲ, ತಲೆಯಾಡಿಸಿ ಬರೆದುಕೊಂಡರು. ಮರುದಿನ ನಾನು ಚಹಾ ತರಲು ಹೋಗಿ ಬರುವಷ್ಟರಲ್ಲಿ ನೀವು ಇರಲಿಲ್ಲ. ಊರಿಗೆ ಹೋದಿರೆಂದು ನಿಮ್ಮ ಮಗನೇ ಹೇಳಿದರು. ಖರೇ ಹೇಳಲೇ ಅತ್ತೀ? ಹಾಲು ಕುಡಿಸಿದ್ದಕ್ಕಿಂತ ಹಾಗೆ ಹೋದದ್ದಕ್ಕೇ ನನಗೆ ನಿಮ್ಮ ಮೇಲೆ ಹೆಚ್ಚು ಸಿಟ್ಟು. ನಾನು ಬೈಯುವುದಕ್ಕೂ ಅವಕಾಶ ಕೊಡಲಿಲ್ಲ. ಹೊಟ್ಟೆಯಲ್ಲಿ ನಳಿಗೆ ಹಾಕಿಸಿಕೊಂಡ ಕೂಸು “ಅಜ್ಜಿ ಎಲ್ಲಿ” ಎಂದರೆ ನಾನು ಏನು ಹೇಳಬೇಕಿತ್ತು?

ನೀವು ಅಲ್ಲಿ ಕುಳಿತು ದೇವಿಯ ಕೋಪ, ಹಳೆಯ ಹರಕೆ ಎಂದೆಲ್ಲ ತಲೆಗೆ ಹಚ್ಚಿಕೊಂಡಿರುತ್ತೀರಿ. ಹಾಗೇನೂ ಇಲ್ಲ. ಡಾಕ್ಟರ್ ಬಾಯಿ ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡು ಬಿಡಿಸಿ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಆಡು, ಕುರಿ, ದನ, ಮನುಷ್ಯರು ಎಲ್ಲರ ಕರುಳಿನಲ್ಲಿಯೂ ಕಣ್ಣಿಗೆ ಕಾಣದ ಕ್ರಿಮಿಗಳು ತುಂಬಿರುತ್ತವಂತೆ. ಬಹಳಷ್ಟು ಕ್ರಿಮಿಗಳು ನಮ್ಮ ಹಾಗೆ ಬಾಡಿಗೆಗೆ ಇದ್ದು ತಮ್ಮ ಪಾಡಿಗೆ ದುಡಿದು ತಿನ್ನುವಂಥವು, ಯಾರಿಗೂ ತೊಂದರೆಯಿಲ್ಲ. ಅವುಗಳಲ್ಲಿಯೇ ಒಂದು ಜಾತಿ ವಿಷ ಮಾಡುತ್ತದೆ. ಆಡಿನ ಹೊಟ್ಟೆಯಲ್ಲಿದ್ದರೂ ಆಡಿಗೆ ಆ ವಿಷ ನಾಟುವುದಿಲ್ಲ, ದನಕ್ಕೂ ನಾಟುವುದಿಲ್ಲ. ಅವು ಮೇಯುತ್ತವೆ, ಜಿಗಿಯುತ್ತವೆ, ಹಾಲು ಕೊಡುತ್ತವೆ. ಕ್ರಿಮಿ ಹಿಕ್ಕೆಯಲ್ಲಿ ಹೊರಬೀಳುತ್ತದೆ, ಕೆಚ್ಚಲಿಗೆ ಹತ್ತುತ್ತದೆ, ಹಿಂಡುವವರ ಕೈಯಿಂದ ಹಾಲಿಗೆ ಇಳಿಯುತ್ತದೆ. ಕಾಯಿಸಿದರೆ ಸಾಯುತ್ತ‌ದೆ, ಹಸಿಯದನ್ನು ಕುಡಿದರೆ ಕೂಸಿನ ಕರುಳಿಗೆ ಹೋಗಿ ಸಂಸಾರ ಹೂಡುತ್ತದೆ. ಅಲ್ಲಿಂದ ಅದರ ವಿಷ ರಕ್ತಕ್ಕಿಳಿದು ಕಿಡ್ನಿಯ ಸಣ್ಣ ಸಣ್ಣ ರಕ್ತನಾಳಗಳನ್ನು ಕೆಡಿಸುತ್ತದೆ. ಕೆಟ್ಟ ಕಡೆಯಲ್ಲೆಲ್ಲ ರಕ್ತ ಹೆಪ್ಪುಗಟ್ಟುತ್ತದೆ, ಪ್ಲೇಟ್‌ಲೆಟ್ ಎಲ್ಲ ಅಲ್ಲಿಯೇ ಖರ್ಚಾಗಿಹೋಗುತ್ತವೆ. ಎರಡನೆಯ ಸಲ ಅವು ಇಳಿದದ್ದು ಹೀಗೆ. ನಾವು ಡೆಂಗಿ ಎಂದುಕೊಂಡು ಕುಣಿದೆವು. ಭೇದಿ ನಿಲ್ಲಿಸುವ ಗುಳಿಗೆಯೂ ತಪ್ಪಂತೆ, ಹೊರಗೆ ಹೋಗಬೇಕಾದ ವಿಷವನ್ನು ನಾವೇ ಒಳಗೆ ಕೂಡಿಹಾಕಿದಂತೆ ಆಯಿತು.

ಪಶು ದವಾಖಾನೆಯವರು ಬಂದು ಝುಮಕಿಯ ಹಿಕ್ಕೆಯನ್ನು ಡಬ್ಬಿಯಲ್ಲಿ ಹಾಕಿಕೊಂಡು ಹೋದರು. ಅದರಲ್ಲಿ ಆ ಕ್ರಿಮಿ ಸಿಕ್ಕಿತು. ಲಾಲಿಬಾಯಿ ಓಣಿಯ ತುಂಬ “ಮುದುಕಿ ಕೂಸಿಗೆ ವಿಷ ಕುಡಿಸಿದ್ಳು” ಎಂದು ಹೇಳಿಕೊಂಡು ತಿರುಗಿದಳು. ಹಸಿ ಹಾಲೇ ಆಗಬೇಕೆಂದು ವಾದಿಸಿದ ಬಾಯಿಯೂ ಅದೇ ಎಂದು ಮೌಲಾಬಿ ನಳದ ಹತ್ತಿರ ಎಲ್ಲರೆದುರಿಗೆ ನೆನಪು ಮಾಡಿಕೊಟ್ಟಳಂತೆ. ಆಮೇಲೆ ಲಾಲಿಬಾಯಿ ಸ್ವಲ್ಪ ತಣ್ಣಗಾದಳು. ಆಡನ್ನು ಕೊಲ್ಲಬೇಕೇ, ಮಾರಬೇಕೇ ಎಂದು ನಾನು ಕೇಳಿದ್ದಕ್ಕೆ ಡಾಕ್ಟರ್ ಬಾಯಿ ನಕ್ಕುಬಿಟ್ಟರು. ಹಾಗೆ ನೋಡಿದರೆ ಎಷ್ಟೋ ಆಡು, ಎಷ್ಟೋ ದನಗಳನ್ನು ಕೊಲ್ಲಬೇಕಾಗುತ್ತದೆ, ನೀವು ಕೈ ತೊಳೆದು ಹಾಲು ಕಾಯಿಸಿರಿ, ಅಷ್ಟು ಸಾಕು ಎಂದರು. ಅಂದರೆ ನೀವು ಇಷ್ಟು ವರ್ಷ ಮಾಡಿಕೊಂಡು ಬಂದದ್ದನ್ನೇ.

ನಾನು ದಣಿದಿದ್ದೇನೆ, ಅತ್ತೀ. ಇದಕ್ಕೆ ಪುಸ್ತಕದ ಮಾತು ಯಾವುದೂ ನನಗೆ ಹೊಳೆಯುತ್ತಿಲ್ಲ. ದವಾಖಾನೆಯಲ್ಲಿ ಕಿಡ್ನಿಯ ಬದಲಿಗೆ ನಳಿಗೆಯಿಂದ ಹೊಟ್ಟೆಗೆ ನೀರು ಬಿಡುವುದು, ಅದು ವಿಷ ಹೀರಿಕೊಂಡ ಮೇಲೆ ಹೊರಗೆ ತೆಗೆಯುವುದು, ಮತ್ತೆ ಬಿಡುವುದು. ನಾನು ಆ ನೀರಿನ ಚೀಲಗಳನ್ನೇ ನೋಡುತ್ತ ಕುಳಿತಿರುತ್ತಿದ್ದೆ. ಮಗಳು ಅಳುವಷ್ಟು ದಿನ ಅಳು ನಿಂತರೆ ಸಾಕೆನಿಸಿತ್ತು. ಅಳುವುದನ್ನೇ ಬಿಟ್ಟಾಗ ಅಳಲಿ ಎಂದು ಬೇಡಿಕೊಂಡೆ. ಚವತಿ ಬಂತು, ಹೋಯಿತು. ವಾರ್ಡಿನ ಕಿಟಕಿಯಿಂದ ಪಟಾಕಿ ಕೇಳಿಸುತ್ತಿತ್ತು. ಗಣಪತಿಗೆ ಒಂದು ಮೋದಕ ತೋರಿಸಲೂ ಆಗಲಿಲ್ಲ. ಮೌಲಾಬಿ ಎರಡು ಬಸ್ಸು ಬದಲಿಸಿ ರೊಟ್ಟಿ, ಪಲ್ಲೆ ತಂದು ಕೊಡುತ್ತಿದ್ದಳು, ನಾನು ಉಣ್ಣುವ ತನಕ ಎದುರಿಗೆ ಕುಳಿತು ಕಾಯುತ್ತಿದ್ದಳು. ನಾನು ಭಾಂಡಿ ತಿಕ್ಕುವ ಮನೆಗಳಲ್ಲಿ ಒಂದು ಮನೆಯವರು ಬೇರೆಯವಳನ್ನು ಇಟ್ಟುಕೊಂಡರು. ಅವರನ್ನು ಏನೆನ್ನಲಿ, ಅವರ ಭಾಂಡಿ ನನ್ನ ಮಗಳಿಗಾಗಿ ಕಾಯುತ್ತವೆಯೇ? ಈಗ ಮನೆಗೆ ಬಂದ ಮೇಲೆ ಕೆಲಸಕ್ಕೆ ಹೋದರೆ ಮಗಳ ಚಿಂತೆ, ಮಗಳ ಹತ್ತಿರ ಕುಳಿತರೆ ಕೆಲಸದ ಚಿಂತೆ. ಕುಳಿತಲ್ಲೇ ನಿದ್ದೆ ಹತ್ತುತ್ತದೆ, ಮಲಗಿದರೆ ಹತ್ತುವುದಿಲ್ಲ.

ಝುಮಕಿಯ ಸಂಗತಿ ಕೇಳಿರಿ. ನೀವು ಹೋದ ಮೇಲೆ ಅದು ಯಾರ ಕೈಗೂ ಕೆಚ್ಚಲು ಕೊಡಲಿಲ್ಲ. ಕೆಚ್ಚಲು ಕಲ್ಲಿನಂತಾಗಿ ಒದರುತ್ತಿತ್ತು. ಮೌಲಾಬಿಯೇ ಎರಡು ಒದೆ ತಿಂದು, ಬಿಸಿನೀರು ತಟ್ಟಿ, ಹೇಗೋ ಹಿಂಡಿ ಚೆಲ್ಲಿದಳು. ಈಗ ಹಾಲು ಬತ್ತುತ್ತ ಬಂದಿದೆ. ಮನೆಗೆ ಪ್ಯಾಕೆಟ್ ಹಾಲು ತರುತ್ತೇವೆ. ಅಂಬಿಕಾ ದವಾಖಾನೆಯಿಂದ ಬಂದವಳೇ ಹಿಂದಕ್ಕೆ ಹೋಗಿ ಅದರ ಹೊಟ್ಟೆ ಮುಟ್ಟಿ ನೋಡಿ, “ಝುಮಕಿಗೂ ನಳಿಗಿ ಹಾಕಿದ್ರೇನು?” ಎಂದು ಕೇಳಿದಳು. ನಿಮ್ಮ ಮಗ ಮಾತ್ರ ಹಿಂದಿನ ಬಾಗಿಲಿಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಚಹಾಕ್ಕೆ ಹಾಲು ಹಾಕಿಸಿಕೊಳ್ಳುವುದಿಲ್ಲ, ಕರಿ ಚಹಾ ಕುಡಿದು ಕೆಲಸಕ್ಕೆ ಹೋಗುತ್ತಾರೆ. ಊಟ ಅರ್ಧಕ್ಕೆ ಬಿಡುತ್ತಾರೆ. ಅಂಬಿಕಾ ಅಜ್ಜಿ ಎಂದರೆ ಸಾಕು, ತಾಟು ಬಿಟ್ಟು ಎದ್ದು ಹೊರಗೆ ಹೋಗುತ್ತಾರೆ. ಅವ್ವನಿಗೆ ಒಂದು ಫೋನು ಹಚ್ಚಿರಿ, ನೀವು ಕರೆದರೆ ಬರುತ್ತಾರೆ ಎಂದು ನಾನು ಎರಡು ಸಲ ಹೇಳಿದೆ. ಕಿವಿ ಕೇಳಿಸದವರಂತೆ ಕುಳಿತರು. ಹೆತ್ತ ತಾಯಿಯ ಮೇಲೆ ಇಷ್ಟು ಸಿಟ್ಟು ಇಟ್ಟುಕೊಳ್ಳುವ ಮನುಷ್ಯ ಎಂದು ನಾನು ತಿಳಿದಿರಲಿಲ್ಲ. ಅವರ ಮತ್ತು ನಿಮ್ಮ ನಡುವೆ ನಾನೊಬ್ಬಳು ಸಿಕ್ಕಿಕೊಂಡು ಹಣ್ಣಾಗಿದ್ದೇನೆ.

ಈಗ ನನ್ನ ಪ್ರಶ್ನೆ. ಇದಕ್ಕಾಗಿಯೇ ಇಷ್ಟು ಬರೆದೆ. ಪಕ್ಕದ ಮನೆಯ ತಮನ್ನಾಳಿಗೆ ಮೂರು ಉಕ್ಕು ಬರಿಸಿ ಕೊಟ್ಟವರು ಸ್ವಂತ ಮೊಮ್ಮಗಳಿಗೆ ಹಸಿ ಹಾಲು ಹೇಗೆ ಕುಡಿಸಿದಿರಿ? ಲಾಲಿಬಾಯಿಯ ಮಾತಿಗೆ ಬಗ್ಗದವರು ಯಾರ ಮಾತಿಗೆ ಬಗ್ಗಿದಿರಿ? ಮೊಮ್ಮಗಳು ಹೋಗಿಯೇ ಬಿಡುತ್ತಾಳೆ ಎಂದು ಹೆದರಿ ಕೈ ತಪ್ಪಿತೆ? ಹಾಗಿದ್ದರೆ ಹಾಗೆಂದು ಹೇಳಿರಿ, ನನಗೆ ಅರ್ಥವಾಗುತ್ತದೆ. ಹೆದರಿದಾಗ ನಾನೂ ಅವಳ ಉಡಿದಾರಕ್ಕೆ ಯಾರು ಯಾರೋ ಕೊಟ್ಟ ತಾಯಿತ ಕಟ್ಟಿದ್ದೇನೆ. ಎರಡೇ ಸಾಲು ಬರೆಯಿರಿ. ಬನ್ನಿರಿ ಎಂದು ಬರೆಯಲು ನನಗೆ ಇನ್ನೂ ಕೈ ಬರುತ್ತಿಲ್ಲ. ಬರಬೇಡಿರಿ ಎಂದು ಬರೆಯುವ ಮನಸ್ಸೂ ಇಲ್ಲ. ನಿಮ್ಮ ಹಾಸಿಗೆಯನ್ನು ಸುರುಳಿ ಸುತ್ತಿ ಮೂಲೆಗೆ ಇಟ್ಟಿದ್ದೇನೆ, ಯಾರಿಗೂ ಹಾಸಿಲ್ಲ.

ಕೇಶಪ್ಪ ಮಾವನಿಗೆ ನಮಸ್ಕಾರ ಹೇಳಿರಿ, ಇನ್ನಾದರೂ ಹೊಲದ ಸುಳ್ಳು ಬಿಡಲು ಹೇಳಿರಿ. ಮೌಲಾಬಿ ಸಲಾಮು ಹೇಳಿದ್ದಾಳೆ. ಅಂಬಿಕಾ ಕೆಳಗೆ ನಿಮಗಾಗಿ ಝುಮಕಿಯ ಚಿತ್ರ ಬರೆದಿದ್ದಾಳೆ. ಕಾಲು ಐದು ಇವೆಯೆಂದು ನಗಬೇಡಿರಿ, ಒಂದು ಬಾಲವಂತೆ. ನಾನು ಸಿಟ್ಟಿನಲ್ಲಿದ್ದರೂ ನಿಮ್ಮ ಕಾಲಿಗೆ ಬೀಳುವುದನ್ನು ಬಿಟ್ಟಿಲ್ಲ. ಕೂಸಿಗೆ ಅಲ್ಲಿಂದಲೇ ಆಶೀರ್ವಾದ ಮಾಡಿರಿ. ಮಂಡಿಗೆ ಎಣ್ಣೆ ಹಚ್ಚಿಸಿಕೊಳ್ಳಿರಿ.

ನಿಮ್ಮ ಸೊಸೆ,
ದ್ರಾಕ್ಷಾಯಿಣಿ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಗಡಬಡಿಸಿ ಇಷ್ಟು ಬರೆಯುತ್ತಿದ್ದೇನೆ, ಅಕ್ಷರ ಸಣ್ಣದಾದರೆ ಸಿಟ್ಟಾಗಬೇಡಿರಿ. ಈಗಷ್ಟೇ ಒಲೆಯ ಮೇಲೆ ಹಾಲು ಇಟ್ಟಿದ್ದೆ. ಎರಡನೆಯ ಉಕ್ಕು ಬಂದಾಗ ಅಂಬಿಕಾ ಪಕ್ಕದಲ್ಲಿ ಕುಳಿತು ತಾನಾಗಿಯೇ ಅಂದಳು: “ಅಪ್ಪ ಕೊಟ್ಟಾಗ ಉಕ್ಕಿಸಲೇ ಇಲ್ಲವಾ. ಝುಮಕಿ ಕಾಲು ಕಟ್ಟಿ ಹಿಂಡಿ ಹಂಗಽ ಕುಡಿಸಿದ. ನೊರಿ ಹತ್ತಿ ನನಗ ಬಿಳಿ ಮೀಸಿ ಬಂದಿದ್ವು. ಆಮ್ಯಾಲೆ ಇನ್ನೊಂದ್ ಸಲ ಕೊಡಾಕ ಬಂದಾಗ ಅಜ್ಜಿ ಲೋಟಾ ಕಸಗೊಂಡು ಚೆಲ್ಲಿದ್ಳು. ಅಪ್ಪಗ ಭಾಳ ಬೈದ್ಳು.” ನಾನು ಗ್ಯಾಸು ಬಂದ್ ಮಾಡುವುದನ್ನು ಮರೆತೆ, ಮೂರನೆಯ ಉಕ್ಕು ಒಲೆಯ ಮೇಲೆಲ್ಲ ಹರಿಯಿತು. ಝುಮಕಿಯ ಕಾಲಿಗೆ ಆದದ್ದು ಹಗ್ಗದ ಗಾಯ, ನಾಯಿಯದಲ್ಲ. ನಿಮಗೆ ಆ ದಿನವೇ ಗೊತ್ತಿತ್ತು. ಗೊತ್ತಿದ್ದೂ ಡಾಕ್ಟರ್ ಬಾಯಿಯ ಮುಂದೆ, ನನ್ನ ಮುಂದೆ, ಓಣಿಯ ಮುಂದೆ ನಾನಽ ಕುಡಿಸೇನಿ ಎಂದು ನಿಂತಿರಿ. ಒಂದು ಮಾತು ನನ್ನ ಕಿವಿಯಲ್ಲಿ ಹೇಳಿದ್ದರೆ ಏನಾಗುತ್ತಿತ್ತು ಅತ್ತೀ? ನಾನು ನಿಮ್ಮ ಮಗನನ್ನು ಬಿಟ್ಟು ಹೋಗುತ್ತೇನೆಂದು ಹೆದರಿದಿರೇನು?

ನಿಮ್ಮ ಮಗ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಮಗಳ ಮಾತು ಕೇಳಿಸಿಕೊಂಡರು. ನನ್ನ ಮುಖ ನೋಡಿದರು. ನೀವು ಹೋದ ಮೇಲೆ ಇದೇ ಮೊದಲು ಹಿಂದಿನ ಬಾಗಿಲು ತೆರೆದು ಹೋಗಿ ಝುಮಕಿಯ ಹಗ್ಗ ಹಿಡಿದುಕೊಂಡು ಕುಳಿತಿದ್ದಾರೆ. ಅಳುತ್ತಿದ್ದಾರೆ, ನನಗೆ ಇಲ್ಲಿಗೆ ಕೇಳಿಸುತ್ತಿದೆ. ಇಷ್ಟು ದಿನ ನಿಮ್ಮ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದದ್ದು ನಿಮ್ಮ ಮೇಲಿನ ಸಿಟ್ಟಿನಿಂದಲ್ಲ. ನೀವು ಅವರ ತಪ್ಪನ್ನು ಹೊತ್ತುಕೊಂಡು ಊರಿಗೆ ಹೋದಿರಿ, ಆದರೂ ಅದು ಅವರ ತಲೆಯ ಮೇಲಿಂದ ಒಂದು ದಿನವೂ ಇಳಿದಿಲ್ಲ. ಅವರನ್ನು ಬೈಯಲು ನನ್ನಲ್ಲಿ ತ್ರಾಣವಿಲ್ಲ, ಸಮಾಧಾನ ಮಾಡಲೂ ಇಲ್ಲ. ಮೇಲೆ ಬನ್ನಿರಿ, ಬರಬೇಡಿರಿ ಎಂದು ಬರೆದದ್ದನ್ನೆಲ್ಲ ಹೊಡೆದುಹಾಕಿರಿ. ಈ ಕಾಗದ ಮುಟ್ಟಿದ ದಿನವೇ ಬಸ್ಸು ಹತ್ತಿರಿ. ಹಾಲು ನಾನು ಕಾಯಿಸುತ್ತೇನೆ, ಮೂರು ಉಕ್ಕು ಬರಿಸಿಯೇ ಕಾಯಿಸುತ್ತೇನೆ. ನೀವು ಬಂದು ನಿಮ್ಮ ಮಗನನ್ನು ಬೈದು ಎಬ್ಬಿಸಿ ಊಟಕ್ಕೆ ಕೂಡಿಸಿರಿ.